ಕೋಲಿಗೆ ಎರಡನೇ ಕಟ್ಟು

ಸಿಟ್ಟೇ ಬಾರದ ಮನುಷ್ಯನೊಬ್ಬ ಇದ್ದ. ಹೆಸರು ಕೇತಯ್ಯ.

ಬೈದರೆ ನಗುತ್ತಿದ್ದ. ಯಾರಾದರೂ ಕಾಲು ತುಳಿದರೆ, "ನಿಮ್ಮ ಕಾಲಿಗೆ ನೋವಾಯಿತೇ?" ಅನ್ನುತ್ತಿದ್ದ. ಅಂಥವನು.

ಅವನ ಕಸುಬೂ ಅಂಥದ್ದೇ. ಆಗೆಲ್ಲ ನಾಯಕರು, ದಳವಾಯಿಗಳು, ದೊಡ್ಡ ದೊಡ್ಡ ಸೆಟ್ಟರು ಪಕ್ಕದಲ್ಲಿ ಒಬ್ಬ ಬುದ್ಧಿಗಾರನನ್ನು ಇಟ್ಟುಕೊಳ್ಳುತ್ತಿದ್ದರು. ಊರಿಗೆಲ್ಲ ಅಪ್ಪಣೆ ಕೊಡುವವನಿಗೂ ತನ್ನ ಮನಸ್ಸು ತನಗೆ ತಿಳಿಯುವುದಿಲ್ಲವಲ್ಲ. ಅದನ್ನು ತಿಳಿಯಾಗಿಸಿ ಅವನಿಗೇ ತೋರಿಸುವುದು ಬುದ್ಧಿಗಾರನ ಕೆಲಸ.

ಈ ವಿದ್ಯೆ ಕಲಿಸುವ ಗುರು ಹೊಳೆದಂಡೆಯ ಆಶ್ರಮದಲ್ಲಿದ್ದಳು. ಮರುಳಮ್ಮ. ಗುರು ಅಂದಮೇಲೆ ಗಡ್ಡ ಬೇಡವೇ ಅಂತ ಯಾರಾದರೂ ಅಂದರೆ, "ಗಡ್ಡ ಹೋತಕ್ಕೂ ಇರುತ್ತೆ, ಹೋಗಿ ಅದರ ಕಾಲಿಗೆ ಬೀಳು" ಅನ್ನುತ್ತಿದ್ದಳು.

ಕಲಿತು ಹೊರಟವರ ಕೋಲಿಗೆ ಅವಳು ಉಂಗುರದ ಹಾಗೆ ಒಂದು ಹಿತ್ತಾಳೆ ಕಟ್ಟು ಹಾಕಿ ಕಳಿಸುವಳು. ಬಹಳ ವರ್ಷ ದೊರೆಗಳ ಪಕ್ಕದಲ್ಲಿ ಕೂತು ಪಳಗಿದವರು ಮತ್ತೆ ಬಂದರೆ ಹಿರಿಯ ಪಾಠ. ಅದು ದಕ್ಕಿದರೆ ಎರಡನೇ ಕಟ್ಟು.

ಎರಡು ಕಟ್ಟಿನ ಕೋಲು ಹಿಡಿದವನನ್ನು ರಾಜಧಾನಿಯ ಅರಮನೆಯಲ್ಲೂ ಯಾರೂ ತಡೆಯುವಂತಿಲ್ಲ. ಕೇತಯ್ಯನಿಗೆ ಅಲ್ಲಿಂದ ಕರೆ ಬಂದಿತ್ತು. 'ಎರಡನೇ ಕಟ್ಟು ಹಾಕಿಸಿಕೊಂಡು ಬಾ' ಅಂದಿದ್ದರು.

ಅದಕ್ಕೇ ಬಂದ.

ಮರುಳಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಾಲಿಗೆ ಬಿದ್ದವನನ್ನು ಮೇಲಿಂದ ಕೆಳಗೆ ನೋಡಿದಳು.

"ಏಳೋ ಕೇತ. ಮೈಕೈ ತುಂಬಿಕೊಂಡಿದೀಯ. ಯಾರ ಮನೆ ಅನ್ನ?"

"ಗೋಣಿಕೆರೆ ನಾಯಕರದು, ತಾಯಿ."

"ಅವನಿಗೆ ಈಚೆಗೆ ಏನು ಬುದ್ಧಿ ಹೇಳಿದೆ?"

ಕೇತಯ್ಯ ಕೋಲು ಗೋಡೆಗೆ ಒರಗಿಸಿ, ಶಾಲು ಸರಿಮಾಡಿಕೊಂಡು ಕೂತ.

"ನಾಯಕರು ಕುಂಬಾರಹಟ್ಟಿ ದಾರಿಯಲ್ಲಿ ಕುದುರೆ ಮೇಲೆ ಹೋಗ್ತಿದ್ದರು ತಾಯಿ. ತಿಗುರಿ ಮುಂದೆ ಕೂತಿದ್ದ ಮುದುಕನೊಬ್ಬ ಎದ್ದು ನಿಲ್ಲಲಿಲ್ಲ. ಕೈಯಲ್ಲಿ ಅರ್ಧ ಮೂಡಿದ ಮಡಕೆ ಇತ್ತು, ಬಿಟ್ಟು ಏಳೋ ಹಾಗಿರಲಿಲ್ಲ. ನಾಯಕರಿಗೆ ಸಿಟ್ಟು ಬಂತು. ಹಟ್ಟಿಯವರು ನೀರಿಗೆ ಇಳಿಯೋ ಕೆರೆಮೆಟ್ಟಿಲಿಗೆ ಮುಳ್ಳುಬೇಲಿ ಹಾಕಿಸಿಬಿಟ್ಟರು."

"ನೀನೇನು ಮಾಡಿದೆ?"

"ನಾನು ನಿಮ್ಮ ಶಿಷ್ಯ. ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಪಕ್ಕದಲ್ಲಿ ಕೂತು, 'ಈ ಬೇಲಿಯಿಂದ ನಿಮ್ಮ ಮನಸ್ಸಿಗೆ ಏನು ಸಿಕ್ಕಿತು ಪ್ರಭು?' ಅಂತ ಕೇಳಿದೆ."

"ಏನಂದ?"

"ನಾಯಕರ ಕಣ್ಣಲ್ಲಿ ನೀರು ಬಂತು. 'ಕೇತಯ್ಯ, ನನ್ನ ಮನಸ್ಸನ್ನ ಇಷ್ಟು ಚೆನ್ನಾಗಿ ಯಾರೂ ವಿಚಾರಿಸಿರಲಿಲ್ಲ' ಅಂದರು. ಈ ಶಾಲು ಹೊದಿಸಿದ್ದು ಆವತ್ತೇ."

"ಬೇಲಿ?"

"ಅದು... ಇದೆ. ಒಂದಲ್ಲ ಒಂದು ದಿನ ಅವರೇ ಕಂಡುಕೊಳ್ತಾರೆ. ಒಳಗಿಂದ ಬರಬೇಕು ಅಲ್ಲವೇ ತಾಯಿ? ನೀವೇ ಹೇಳಿಕೊಟ್ಟಿದ್ದು."

ಮರುಳಮ್ಮನ ಕೈ ನಿಂತಿತು. ಮುಖ ಕೆಂಡವಾಯಿತು. ಈಗ ಬೈಯುತ್ತಾಳೆ ಅಂದುಕೊಂಡ ಕೇತಯ್ಯ. ಅವಳು ಬೈಯಲಿಲ್ಲ. ಮುಷ್ಟಿಯಲ್ಲಿದ್ದ ಬೀಜವನ್ನು ಅಂಗಳಕ್ಕೆ ಬೀಸಿ ಎಸೆದು ಒಳಗೆ ಹೋದಳು.

ಬೆಳಿಗ್ಗೆ ಎದ್ದು ನೋಡುತ್ತಾನೆ, ಆಶ್ರಮದ ಮುಂದಿನ ಮೆಟ್ಟಿಲಿಗೆ ಬೇಲಿ! ಜಾಲಿಮುಳ್ಳಿನದು, ಎದೆಮಟ್ಟ. ಎರಡೂ ಕಡೆ ಕಡಿದಾದ ಬಂಡೆ. ಹತ್ತಿರದಲ್ಲಿ ಹೊಳೆಗೆ ಇಳಿಯಲು ಅದೊಂದೇ ದಾರಿ. ಆಶ್ರಮಕ್ಕೂ ಅದೇ, ಗುಡ್ಡದ ಮೇಲಿನ ಹಟ್ಟಿಗೂ ಅದೇ.

ಬೇಲಿಯ ಮುಂದೆ ಕಲ್ಲಿನ ಮೇಲೆ ಮರುಳಮ್ಮ ಕೂತಿದ್ದಳು, ಕೈಯಲ್ಲಿ ಮಚ್ಚು.

ಸುಡುಬೇಸಿಗೆ. ಹಟ್ಟಿಯ ಹೆಂಗಸರು ಕೊಡ ಹೊತ್ತು ಇಳಿದು ಬಂದರು. ಮುಂದಿದ್ದವಳು ಕೆಂಚಮ್ಮ, ಬಾಯಿ ಜೋರಿನವಳು.

"ಇದೇನು ಮರುಳಮ್ಮಾರೇ? ನೀರಿಗೆ ಯಾರಾದರೂ ಬೇಲಿ ಹಾಕ್ತಾರಾ?"

"ನನ್ನಿಷ್ಟ."

"ಯಾವ ಸೀಮೆ ಇಷ್ಟ! ಹೊಳೆ ನಿಮ್ಮಪ್ಪ ತೋಡಿಸಿದ್ದಾ?"

"ಬಾಯಿ ಮುಚ್ಚಿಕೊಂಡು ಕಲ್ಲುಮಡುವಿನ ಕಡವಿಗೆ ಹೋಗಿ ತುಂಬಿಕೊಳ್ಳೇ."

"ಅಲ್ಲಿಗೆ ಹೋಗಿ ಬರೋದರಲ್ಲಿ ಹೊತ್ತು ನೆತ್ತಿಗೆ ಏರುತ್ತೆ!"

"ಏರಲಿ."

ಹೆಂಗಸರು ಮಣ್ಣು ತೂರಿ, ಶಾಪ ಹಾಕಿ, ಬಂದ ದಾರಿಯಲ್ಲೇ ಹೋದರು.

ಕೇತಯ್ಯನಿಗೆ ಮೊದಲು ಗಾಬರಿಯಾಯಿತು. ಆಮೇಲೆ ಹೊಳೆಯಿತು. ಓಹೋ! ನಿನ್ನೆ ನಾನು ಹೇಳಿದ್ದನ್ನೇ ತಂದು ಮುಂದೆ ಹೂಡಿದ್ದಾಳೆ. ಇವಳೇ ನಾಯಕ, ನಾನೇ ಬುದ್ಧಿಗಾರ. ಇದು ಪರೀಕ್ಷೆ.

ಒಳಗೊಳಗೇ ಹಿಗ್ಗಿದ. ಹೋಗಿ ಅವಳ ಪಕ್ಕ ಕೂತ. ತಲೆ ಎಷ್ಟು ಬಾಗಿಸಬೇಕೋ ಅಷ್ಟು ಬಾಗಿಸಿದ. ದನಿಗೆ ಜೇನು ಬೆರೆಸಿದ.

"ತಾಯಿ, ಈ ಬೇಲಿ ಹಾಕಿದಾಗ ನಿಮ್ಮೊಳಗೆ ಏನಾಯಿತು?"

ಮರುಳಮ್ಮ ಕಣ್ಣರಳಿಸಿದಳು. "ಆಹಾ, ಎಂಥ ಪ್ರಶ್ನೆಯಪ್ಪ! ತಣ್ಣಗಾಯಿತು ಕಣೋ. ಎದೆಯೆಲ್ಲ ತಣ್ಣಗಾಯಿತು."

"ಇನ್ನೂ ಸ್ವಲ್ಪ ಹೇಳಿ."

"ಬೇಲಿ ಇನ್ನೂ ಸ್ವಲ್ಪ ಎತ್ತರ ಇದ್ದಿದ್ದರೆ ಇನ್ನೂ ತಣ್ಣಗಾಗ್ತಿತ್ತು."

ಎದ್ದು ಹೋದಳು. ಇನ್ನೊಂದು ಹೊರೆ ಜಾಲಿ ಕಡಿದು ತಂದು ಬೇಲಿಯ ಮೇಲೆ ಹೇರಿದಳು. "ನಿನ್ನಿಂದ ನನಗೆ ದಾರಿ ಕಾಣಿಸಿತು ನೋಡು" ಅಂತ ಅವನ ಬೆನ್ನು ತಟ್ಟಿದಳು.

ಒಳಗಿಂದ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟಳು. "ಕುಡಿ. ಗಂಟಲು ಒಣಗಿದರೆ ಪ್ರಶ್ನೆ ಹೊರಡಲ್ಲ."

ಕೇತಯ್ಯ ಗಟಗಟ ಕುಡಿದ.

ಮರುದಿನ ಇನ್ನೂ ಹರಿತವಾದ ಪ್ರಶ್ನೆ ಮಸೆದು ತಂದ.

"ತಾಯಿ, ಕಣ್ಣು ಮುಚ್ಚಿಕೊಳ್ಳಿ. ಈ ಬೇಲಿಯ ಮುಂದೆ ನೀವೇ ಕೊಡ ಹೊತ್ತು ನಿಂತಿದೀರಿ. ಏನು ಕಾಣುತ್ತೆ?"

ಮರುಳಮ್ಮ ಕಣ್ಣು ಮುಚ್ಚಿದಳು. ಅಳತೊಡಗಿದಳು. "ಅಯ್ಯೋ! ಎಷ್ಟು ಸಂಕಟ! ಪಾಪ, ಆ ಹೆಂಗಸರು!" ಬಿಕ್ಕಿ ಬಿಕ್ಕಿ ಅತ್ತಳು.

ಗೆದ್ದೆ ಅಂದುಕೊಂಡ ಕೇತಯ್ಯ.

ಅವಳು ಸೆರಗಲ್ಲಿ ಮೂಗು ಒರೆಸಿಕೊಂಡಳು. "ಅತ್ತು ಹಗುರಾಯಿತು ಕಣೋ ಕೇತ. ಎಷ್ಟು ದಿನದಿಂದ ಅತ್ತಿರಲಿಲ್ಲ" ಅಂತ ಎದ್ದು, ಇನ್ನೊಂದು ಹೊರೆ ಮುಳ್ಳು ತಂದು ಹೇರಿದಳು.

ಬೇಲಿ ಈಗ ತಲೆಮಟ್ಟ.

ಅಷ್ಟರಲ್ಲಿ ಕೆಂಚಮ್ಮ ಕಲ್ಲುಮಡುವಿನಿಂದ ವಾಪಸ್ ಬರುತ್ತಿದ್ದಳು. ಕೊಡದಲ್ಲಿ ಅರ್ಧ ನೀರು. ಉಳಿದರ್ಧ ಏರುದಾರಿಯಲ್ಲಿ ತುಳುಕಿ ಹೋಗಿತ್ತು. ಹೆಬ್ಬೆರಳು ಒಡೆದು ರಕ್ತ. ಅಲ್ಲೇ ನಿಂತಳು.

"ಯಾರು ಇವರು, ಕೋಲಿಗೆ ಹಿತ್ತಾಳೆ ಹಾಕ್ಕೊಂಡು ಕೂತಿರೋರು?"

"ಬುದ್ಧಿಗಾರ ಕಣೇ. ದೊಡ್ಡವನು. ನನ್ನ ಮನಸ್ಸು ತಿಳಿಯಾಗಿಸ್ತಿದಾನೆ" ಅಂದಳು ಮರುಳಮ್ಮ.

"ತಿಳಿಯಾಯ್ತಾ?"

"ಆಗ್ತಾ ಇದೆ."

"ನಿಧಾನಕ್ಕೆ ಆಗಲಿ ಬಿಡಿ. ಅಷ್ಟರಲ್ಲಿ ನಾವು ಒಣಗಿ ಸೌದೆ ಆಗಿರ್ತೀವಿ, ನಿಮ್ಮ ಒಲೆಗಾದರೂ ಬರುತ್ತೆ." ಕೇತಯ್ಯನ ಕಡೆ ತಿರುಗಿದಳು. "ಸ್ವಾಮೀ, ನಿಮ್ಮ ಒಂದು ಪ್ರಶ್ನೆಗೆ ಎಷ್ಟು ಕೊಡ ತುಂಬುತ್ತೆ?"

ಕೇತಯ್ಯ ಅಭ್ಯಾಸದ ಮೇಲೆ ಮೆತ್ತಗೆ ಅಂದ: "ನಿಮ್ಮ ಮನಸ್ಸಿಗೆ ಬಹಳ ಸಿಟ್ಟು ಬಂದಿರೋ ಹಾಗೆ ಕಾಣುತ್ತೆ, ತಾಯಿ."

ಕೆಂಚಮ್ಮ ಅವನನ್ನೇ ನೋಡಿದಳು.

"ಉಗಿಯೋಣ ಅಂದರೆ ಬಾಯಲ್ಲಿ ಎಂಜಲೂ ಇಲ್ಲ" ಅಂದು, ಕುಂಟುತ್ತ ಗುಡ್ಡ ಹತ್ತಿದಳು.

ಆವತ್ತು ಕೇತಯ್ಯನಿಗೆ ಊಟ ಸೇರಲಿಲ್ಲ. ಹೊಟ್ಟೆಯೊಳಗೆ ಏನೋ ಹೊಟ್ಟಿಗೆ ಬಿದ್ದ ಬೆಂಕಿಯ ಹಾಗೆ ಹೊಗೆಯಾಡುತ್ತಿತ್ತು. ಏನೆಂದು ತಿಳಿಯಲಿಲ್ಲ. ಬಹಳ ವರ್ಷದಿಂದ ಕಂಡಿರದ ನೆಂಟ.

ಸಂಜೆ ಮರುಳಮ್ಮನ ಹತ್ತಿರ ಹೋದ.

"ತಾಯಿ, ಪರೀಕ್ಷೆ ಸಾಕು. ಬೇಲಿ ತೆಗೆಸಿ. ಆ ಹೆಂಗಸರು ಬಾಯಾರಿದ್ದಾರೆ."

"ಯಾವ ಪರೀಕ್ಷೆ?"

"ಅದೇ... ನೀವು ನಾಯಕನ ಹಾಗೆ..."

"ಹೋಗಿ ಬೇಲಿ ಮುಟ್ಟಿ ನೋಡು, ಪರೀಕ್ಷೆಯೋ ಮುಳ್ಳೋ."



ಮರುಳಮ್ಮ ಸೊಂಟದ ಚೀಲದಿಂದ ಏನೋ ತೆಗೆದು ಕಲ್ಲಿನ ಮೇಲಿಟ್ಟಳು. ಥಳಥಳ ಹೊಳೆಯಿತು. ಹಿತ್ತಾಳೆಯ ಕಟ್ಟು.

"ಇದಕ್ಕೆ ತಾನೇ ಬಂದಿದ್ದು? ಬೆಳಿಗ್ಗೆ ಇನ್ನೊಂದೇ ಒಂದು ಪ್ರಶ್ನೆ ಕೇಳು. ನಿನ್ನ ಪ್ರಶ್ನೆ ಕೇಳ್ತಿದ್ದರೆ ಬೆಣ್ಣೆ ತಿಂದ ಹಾಗಿರುತ್ತೆ. ಕೇಳು, ಕೋಲಿಗೆ ಹಾಕ್ತೀನಿ, ಅರಮನೆಗೆ ಹೋಗು."

ಬೆಳಗಾಯಿತು.

ಹೆಂಗಸರು ಬಂದರು. ಈ ಸಲ ಯಾರೂ ಬೈಯಲಿಲ್ಲ. ಬೈದು ಬೈದು ಅವರಿಗೂ ಸಾಕಾಗಿತ್ತು. ಬೇಲಿಯ ಮುಂದಿನಿಂದಲೇ ತಿರುಗಿ ಕಡವಿನ ದಾರಿ ಹಿಡಿದರು. ಕೆಂಚಮ್ಮನ ಅತ್ತೆ ಮಾತ್ರ, ಹಣ್ಣು ಮುದುಕಿ, ಬೇಲಿಯ ಹತ್ತಿರ ಕೂತುಬಿಟ್ಟಳು.

"ನೀವು ಹೋಗ್ರೇ. ನನ್ನ ಕೈಲಿ ಆಗಲ್ಲ."

ಕೂತಲ್ಲಿಂದ ಮುಳ್ಳಿನ ಸಂದಿಯಲ್ಲಿ ಹೊಳೆ ಕಾಣುತ್ತಿತ್ತು. ಅಷ್ಟು ಹತ್ತಿರ. ಮುದುಕಿ ನೀರು ನೋಡಿ ತುಟಿ ಸವರಿಕೊಂಡಳು.

ಮರುಳಮ್ಮ ಕಟ್ಟನ್ನು ಬೆರಳಲ್ಲಿ ತಿರುಗಿಸುತ್ತ, "ಕೇಳೋ ಕೇತ" ಅಂದಳು.

ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇತ್ತು. ಒಳ್ಳೆಯ ಪ್ರಶ್ನೆ. ಕೇತಯ್ಯ ಬಾಯಿ ತೆರೆದ.

ಮುದುಕಿ ಇನ್ನೊಮ್ಮೆ ತುಟಿ ಸವರಿಕೊಂಡಳು.

"ತೆಗೀ ಬೇಲಿ!"

ಯಾರು ಕೂಗಿದ್ದು ಅಂತ ಅವನೇ ತಿರುಗಿ ನೋಡುವ ಹಾಗಿತ್ತು ಆ ದನಿ. ಕಡವಿನ ದಾರಿ ಹಿಡಿದ ಹೆಂಗಸರೆಲ್ಲ ನಿಂತುಬಿಟ್ಟರು.

"ಏ ಮುದುಕಿ! ನಾಚಿಕೆಯಾಗಲ್ವಾ ನಿನಗೆ? ಎದೆ ತಣ್ಣಗಾಯ್ತಂತೆ! ಅತ್ತು ಹಗುರಾಯ್ತಂತೆ! ಬಾಯಿಗೆ ಮಣ್ಣು ಹಾಕ! ಕುಡಿಯೋ ನೀರಿಗೆ ಮುಳ್ಳು ಹಾಕಿ ಕೂತಿದೀಯಲ್ಲ, ನೀನು ಮನುಷ್ಯಳಾ? ಇದು ತಪ್ಪು! ಕೇಳಿಸ್ತಾ? ತಪ್ಪು!"

ಎಷ್ಟೋ ವರ್ಷದಿಂದ ಅವನ ಬಾಯಿಗೆ ಬಾರದಿದ್ದ ಮಾತು ಅದು. ಬಂದದ್ದು ಬಂದಿತು, ನಿಲ್ಲಲೇ ಇಲ್ಲ. ಕೋಲು ಎತ್ತಿ ಬೇಲಿಗೆ ಬಡಿದ. ಬಡಿದ. ಬಡಿದ. ಮುಳ್ಳಿನ ಸಿಕ್ಕಿಗೆ ಸಿಕ್ಕಿ ಕೋಲು ಲಟಕ್ಕನೆ ಮುರಿಯಿತು. ಮೊದಲನೇ ಕಟ್ಟು ಕಳಚಿ ಮೆಟ್ಟಿಲ ಮೇಲೆ ಠಣ್ ಠಣ್ ಅಂತ ಉರುಳಿ ನೀರಿಗೆ ಬಿತ್ತು.

ಬರಿಗೈಯಲ್ಲೇ ಎಳೆದ. ಶಾಲು ಹರಿದು ಚಿಂದಿಯಾಯಿತು. ಮೊಣಕೈವರೆಗೂ ರಕ್ತ.

ದಾರಿ ಬಿಟ್ಟಿತು.

"ಸ್ವಾಮೀ, ನಿಮ್ಮ ಹಿತ್ತಾಳೆ ಹೊಳೆಪಾಲಾಯ್ತು!" ಅಂತ ಕೂಗಿದಳು ಕೆಂಚಮ್ಮ.

"ಹಾಳಾಗಿ ಹೋಗಲಿ! ಕೊಡ ತಾ ಇಲ್ಲಿ!"

ಮೊದಲನೇ ಕೊಡ ಅವನೇ ತುಂಬಿದ. ಮುದುಕಿಯ ಬೊಗಸೆಗೆ ಅವನೇ ಹೊಯ್ದ. ಅವಳು ಕುಡಿದು, ಮುಖಕ್ಕೆ ಹಾಕಿಕೊಂಡು, "ಬದುಕಪ್ಪ" ಅಂದಳು.

ಸಿಟ್ಟು ಇಳಿಯುತ್ತಾ ಬಂದ ಹಾಗೆ ಕೈಯ ಮುಳ್ಳು ಉರಿಯತೊಡಗಿತು. ಒಂದು ಚೊಂಬು ನೀರು ತುಂಬಿಕೊಂಡು ಮರುಳಮ್ಮನ ಮುಂದೆ ಬಂದು ನಿಂತ.

ಆಗ ನೋಡಿದ. ಅವಳ ತುಟಿ ಬಿರಿದು ಪೊರೆ ಎದ್ದಿತ್ತು. ಹಿಂದೆ, ಬಾಗಿಲ ಒಳಗೆ, ಆಶ್ರಮದ ಹಂಡೆ ಬೋರಲು ಬಿದ್ದಿತ್ತು. ಬೇಲಿ ಎದ್ದ ದಿನದಿಂದ ಆ ಹಂಡೆಯಲ್ಲಿ ಇದ್ದಷ್ಟು ನೀರನ್ನೂ ಚೊಂಬು ಚೊಂಬಾಗಿ ಕುಡಿದವನು ತಾನೊಬ್ಬನೇ.

"ತಾಯೀ... ನೀವು ಕುಡಿದೇ ಇಲ್ಲ."

"ನನ್ನ ಮಾತು ಬಿಡು."

ಕೇತಯ್ಯ ಕಾಲಿಗೆ ಬಿದ್ದ. "ಏಕವಚನದಲ್ಲಿ ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ನನ್ನದು ತಪ್ಪಾಯಿತು, ಕ್ಷಮಿಸಿ..."

ಮರುಳಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. ಕಣ್ಣಲ್ಲಿ ಕಿಡಿ. ಈಗ ಬಂತು ನಿಜವಾದ ಸಿಟ್ಟು.

"ಕ್ಷಮೆ ಕೇಳಿದೆಯೋ, ಮಚ್ಚು ತಗೋತೀನಿ! ಇಷ್ಟು ವರ್ಷದಲ್ಲಿ ಒಂದೇ ಒಂದು ನೆಟ್ಟಗಿನ ಮಾತು ಆಡಿದೆ, ಅದನ್ನೂ ವಾಪಸ್ ನುಂಗ್ತೀಯಾ?"

"ಇದೇ ಮಾತು ನಾಯಕರ ಮುಂದೆ ಆಡಿದರೆ ಊರು ಬಿಡಿಸ್ತಾರೆ, ತಾಯಿ."

"ಬಿಡಿಸಲಿ."

"ಸುದ್ದಿ ತಿಳಿದರೆ ಅರಮನೆಯವರೂ ಬಾಗಿಲು ಹಾಕ್ತಾರೆ."

"ಹಾಕಲಿ."

"ಕೋಲೂ ಮುರಿದು ಹೋಯಿತು. ಎರಡನೇ ಕಟ್ಟು ಎಲ್ಲಿಗೆ ಹಾಕೋದು..."

ಅಂದವನೇ ತಡೆದ. ಕಲ್ಲಿನ ಮೇಲೆ ಕಟ್ಟು ಹೊಳೆಯುತ್ತಲೇ ಇತ್ತು. ಅವನು ಅದರ ಕಡೆ ನೋಡಲಿಲ್ಲ. ಎರಡೂ ಕೈಯಲ್ಲಿ ಚೊಂಬು ಎತ್ತಿ ಅವಳ ಮುಂದೆ ಹಿಡಿದ.

ಮರುಳಮ್ಮ ಆ ರಕ್ತದ ಕೈಗಳನ್ನು ನೋಡಿದಳು. ಚೊಂಬನ್ನು ಮೆಲ್ಲಗೆ ಅವನ ಕಡೆಗೇ ತಳ್ಳಿದಳು.

"ನೀನು ಕುಡಿ ಮಗಾ, ದಾರಿ ದೂರ ಇದೆ. ಕುಂಬಾರಹಟ್ಟಿಯ ಬೇಲಿ ಇನ್ನೂ ನಿಂತೇ ಇದೆ."