ಒಲ್ಲೆಂದವನ ಬಂಡೆ

ಕರಿಗಡ್ಡೆ ಎಂಬ ಊರಿನ ಬಳಿ ತುಂಗಭದ್ರೆಯ ನಡುವೆ ಆನೆ ಮಲಗಿದಂತೆ ಒಂದು ಬಂಡೆಯಿದೆ. ಅದರ ಬುಡದಲ್ಲಿ ಸುಣ್ಣದ ಗೆರೆ. ಹೊಳೆಯ ನೀರು ಆ ಗೆರೆ ಮುಟ್ಟಿತೆಂದರೆ ಯಾವ ಅಂಬಿಗನೂ ಹರಿಗೋಲು ಬಿಡುವುದಿಲ್ಲ. ಬಂಡೆಗೆ 'ಒಲ್ಲೆಂದವನ ಬಂಡೆ' ಎಂದು ಹೆಸರು.

ಹಿಂದೆ ಒಮ್ಮೆ, ಇಲ್ಲಿ ಪಾಳೆಯಗಾರರ ಕುದುರೆಗಳು ಓಡಾಡುತ್ತಿದ್ದ ಕಾಲದಲ್ಲಿ, ಸಂಕವ್ವ ಎಂಬ ಹುಡುಗಿಯಿದ್ದಳು ಎನ್ನುತ್ತಾರೆ. ಆಚೆ ದಡದ ಒಬ್ಬ ಸವಾರನನ್ನು ನೀರು ತರುವಾಗ ಮೂರೇ ಮೂರು ಸಲ ನೋಡಿದ್ದಳು. ಅವನ ಕೆಂಪು ರುಮಾಲು ಅವಳ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಊಟ ಸೇರದು, ಮನೆಯವರ ಮಾತು ಕಿವಿಗೆ ಬೀಳದು. ಬೈಯುವವರು ಬೈಯಲಿ, ಹದಿನೇಳರ ವಯಸ್ಸು ಯಾರನ್ನು ಬಿಟ್ಟಿದೆ? ಈಚೆ ದಡದಲ್ಲಿ ಅಂಬಿಗರ ಹುಲಿಗಪ್ಪನಿದ್ದ. ಚಿಕ್ಕಂದಿನಿಂದ ಅವಳನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದ, ಬಾಯಿಬಿಟ್ಟು ಹೇಳಿರಲಿಲ್ಲ.

ಆ ಮಳೆಗಾಲದ ಒಂದು ಮಧ್ಯಾಹ್ನ ಸವಾರ ಆಚೆ ನಿಂತು, ಈಗಲೇ ಬಾ ಎಂದು ರುಮಾಲು ಬೀಸಿದ. ಸಂಕವ್ವ ಅಂಬಿಗನ ಬಳಿ ಓಡಿಬಂದಳು.

"ಒಲ್ಲೆ ಸಂಕವ್ವಾ," ಎಂದ ಹುಲಿಗಪ್ಪ. "ಬಂಡೆ ಬುಡ ಮುಳುಗೈತಿ. ನೀರು ಇಳೀಲಿ, ನಾನೇ ಕರ್ಕೊಂಡು ಹೋಗಿ ಅವನ ಕೈಯಾಗ ಒಪ್ಪಸ್ತೀನಿ."

"ನಿನಗ ಹೊಟ್ಟೆಕಿಚ್ಚು!" ಎಂದಳು.

ಅವನು ತಲೆ ತಗ್ಗಿಸಿ, ಹರಿಗೋಲು ಕಟ್ಟಿಹಾಕಲು ಹಗ್ಗ ತರಹೋದ. ಅಷ್ಟರಲ್ಲಿ ಅವಳು ದಡದಲ್ಲಿ ಬೋರಲು ಹಾಕಿದ್ದ ಹರಿಗೋಲನ್ನು ತಿರುವಿ ನೀರಿಗೆ ತಳ್ಳಿ ಹತ್ತಿದಳು. ಹುಟ್ಟು ಹಾಕಲು ಬಾರದವಳ ಕೈಯಲ್ಲಿ ಹರಿಗೋಲು ಗಿರಗಿರನೆ ಸುತ್ತಿತೇ ಹೊರತು ದಾಟಲಿಲ್ಲ. ಸವಾರ ಇನ್ನೂ ಬಾ ಬಾ ಎನ್ನುತ್ತಲೇ ಇದ್ದ. ನಡುಹೊಳೆಯಲ್ಲಿ ಅದು ಬಂಡೆಗೆ ಬಡಿದು ಮಗುಚಿತು. ಈಜಿಬಂದ ಹುಲಿಗಪ್ಪ ಅವಳನ್ನು ಹೆಗಲ ಮೇಲೆತ್ತಿ ಬಂಡೆಗೆ ಹತ್ತಿಸಿದ. ತಾನು ಹತ್ತಲು ಅವನ ತೋಳಿನಲ್ಲಿ ಬಲ ಉಳಿದಿರಲಿಲ್ಲ. ಅವಳು ಕೈ ಚಾಚುವಷ್ಟರಲ್ಲಿ ಹೊಳೆ ಅವನನ್ನು ಎಳೆದುಕೊಂಡಿತು. ಸಂಕವ್ವ ಆಚೆ ನೋಡಿ ಕೂಗಿಕೊಂಡಳು. ಸವಾರ ಆಗಲೇ ಕುದುರೆ ತಿರುಗಿಸಿದ್ದ. ಅದರ ಗೊರಸು ಕೂಡ ಒದ್ದೆಯಾಗಿರಲಿಲ್ಲ.

ನೀರು ಇಳಿಯಲು ಎರಡು ದಿನ ಹಿಡಿಯಿತು. ಅಷ್ಟೂ ಹೊತ್ತು ಬಂಡೆಯ ಮೇಲೆ ಅವಳು ಹುಲಿಗಪ್ಪನ ಹೆಸರು ಹಿಡಿದೇ ಅತ್ತಳಂತೆ. ಮುಂದೆ ಮದುವೆಯಾಗಲಿಲ್ಲ. ಬದುಕಿರುವ ತನಕ ಪ್ರತಿ ಬೇಸಿಗೆ ಬಂಡೆಗೆ ಸುಣ್ಣದ ಗೆರೆ ಎಳೆದಳು.

ಈಗ ಅಂಬಿಗರ ಹೆಂಗಸರು ಆ ಗೆರೆ ಎಳೆಯುತ್ತಾರೆ. ಬಾ ಎಂದವನ ಹೆಸರು ಊರಿಗೆ ಮರೆತುಹೋಗಿದೆ. ನೀರು ಗೆರೆ ಮುಟ್ಟಿದ ದಿನ, ಎಂಥ ಅವಸರದವರು ಬಂದರೂ ಅಂಬಿಗ 'ಒಲ್ಲೆ' ಎನ್ನುತ್ತಾನೆ. ಯಾರೂ ಎದುರಾಡುವುದಿಲ್ಲ. ಅವನೂ ಹುಟ್ಟು ಕೆಳಗಿಟ್ಟು, ಹೊಳೆ ಇಳಿಯುವವರೆಗೆ ಅವರ ಪಕ್ಕದಲ್ಲೇ ಕೂತಿರುತ್ತಾನೆ.