ಜವರನೂ ಅವ್ವನ ಕೋಲಿ ನಾಯಿಯೂ

ಊರು ಯಾವುದು ಅಂತ ಆಮೇಲೆ ಕೇಳ್ತೀರಿ, ಅದಕ್ಕೇ ಮೊದಲೇ ಹೇಳಿಬಿಡ್ತೀನಿ: ಅರಳಿಹುಂಡಿ. ಅಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಶಾಲೆಯಲ್ಲಿ ಬಿಸಿಯೂಟ ಮಾಡೋಳು. ನೂರಾ ಹತ್ತು ಮಕ್ಕಳಿಗೆ ಅನ್ನ ಬಸಿದು ಸಾರು ಕುದಿಸೋ ಕೈ ಅವಳದು. ಅವಳಿಗೆ ಒಬ್ಬನೇ ಮಗ, ಜವರ. ವಯಸ್ಸು ಇಪ್ಪತ್ತೆಂಟು, ಆಳು ಆರಡಿ, ಮನಸ್ಸು ಬೆಣ್ಣೆ, ಬುದ್ಧಿ ಮಾತ್ರ ಹೇಳಿದಷ್ಟೇ. "ಬಾಗಿಲು ನೋಡ್ಕೊಳೋ" ಅಂದರೆ ಬಾಗಿಲ ಎದುರು ಕೂತು ಬಾಗಿಲನ್ನೇ ನೋಡೋನು. ಹಿತ್ತಿಲಿಂದ ಬೆಕ್ಕು ಬಂದು ಹಾಲು ಕುಡಿದರೆ ಅದು ಅವನಿಗೆ ಸಂಬಂಧವಿಲ್ಲ.

"ನಿನ್ನ ಹೆತ್ತ ಹೊಟ್ಟೆಗೆ ಏನು ಹೇಳಲೋ" ಅಂತ ಚಿಕ್ಕತಾಯಮ್ಮ ಹಣೆ ಚಚ್ಚಿಕೊಳ್ಳೋಳು.

ಜವರ ಅವಳ ಹೊಟ್ಟೆ ಹತ್ತಿರ ಬಗ್ಗಿ, "ಏನಾದ್ರೂ ಹೇಳವ್ವ, ಕೇಳಿಸ್ಕೊಳ್ತದೆ" ಅನ್ನೋನು.

ಹೀಗಿರುವಾಗ ಚಿಕ್ಕತಾಯಮ್ಮನಿಗೆ ಕಿವಿಯೊಳಗೆ ಏನೋ ಕಾಯಿಲೆ ಬಂತು. ನಿಂತ ನೆಲವೇ ಉಯ್ಯಾಲೆ ಆದ ಹಾಗೆ. ಬಚ್ಚಲಲ್ಲಿ ಒಮ್ಮೆ ಬಿದ್ದಳು, ಒಲೆ ಪಕ್ಕ ಒಮ್ಮೆ ಬಿದ್ದಳು. ಶಾಲೆಯ ಹೆಡ್ ಮೇಡಂ ಕರೆದು, "ಚಿಕ್ಕತಾಯಮ್ಮ, ಕುದಿಯೋ ಸಾರಿನ ಹತ್ತಿರ ಬಿದ್ದರೆ ಗತಿ ಏನು? ದಸರಾ ರಜ ಮುಗಿಯೋದರೊಳಗೆ ಬೀಳದೆ ನಡೆಯೋ ಹಾಗಾದ್ರೆ ಬನ್ನಿ. ಇಲ್ಲದಿದ್ರೆ ನಾನು ಬೇರೆಯವರನ್ನ ನೋಡಬೇಕಾಗ್ತದೆ" ಅಂದರು.

ಕೋಲು ಹಿಡಿದು ನೋಡಿದಳು. ಅವಳ ಜೊತೆ ಕೋಲೂ ಬಿತ್ತು. ಆಗ ಡಾಕ್ಟರು ಮೈಸೂರಿನ ಶಾಹಿದಾ ಮೇಡಂ ಹತ್ತಿರ ಕಳಿಸಿದರು. ಓಲಾಡೋರಿಗೆ ಆಸರೆಯಾಗಿ ನಿಲ್ಲೋದಕ್ಕೆ ನಾಯಿ ಪಳಗಿಸೋರು ಅವರು. ಅವರ ಹತ್ತಿರ ಮಲ್ಲಿ ಅಂತ ಒಂದು ನಾಯಿ ಇತ್ತು. ಕೋಲಿ ಜಾತಿಯದು, ಉದ್ದ ಮೂತಿ, ಕತ್ತಿನ ಸುತ್ತ ಬಿಳಿ ಕೂದಲು. ಬೆನ್ನು ಸೊಂಟ ಸುತ್ತಿ ಒಂದು ಪಟ್ಟಿ, ಪಟ್ಟಿ ಮೇಲೊಂದು ಹಿಡಿ. ಹಿಡಿ ಹಿಡಿದರೆ ಜೊತೆಗೆ ನಡೆಯುತ್ತೆ, ಓಲಿದರೆ ನಾಲ್ಕು ಕಾಲೂರಿ ಗೂಟದ ಹಾಗೆ ನಿಲ್ಲುತ್ತೆ. ಚಿಕ್ಕತಾಯಮ್ಮ ಹದಿನೈದು ದಿನ ಅಲ್ಲೇ ಇದ್ದು ಅದರ ಜೊತೆ ನಡೆಯೋದು ಕಲಿತಳು. ಅವಳ ಎತ್ತರಕ್ಕೆ ಹಿಡಿ ಸರಿಮಾಡೋದೊಂದು ಬಾಕಿ ಇತ್ತು, ಅದಕ್ಕೆ ನಾಯಿ ಅಲ್ಲೇ ಬಿಟ್ಟು ಊರಿಗೆ ಬಂದಳು. ಅದಾದ ಮೇಲೆ ನಾಯಿ ತರೋಕೆ ಜವರನನ್ನು ಕಳಿಸಿದಳು. ಬೇರೆ ಯಾರಿದ್ದರು ಕಳಿಸೋಕೆ?

ಶಾಹಿದಾ ಮೇಡಂ ನಾಯಿ ಕೊಟ್ಟು, "ಜವರಪ್ಪ, ಬಿಸಿಲಿಗೆ ಟಾರು ಕಾದಿರ್ತದೆ. ಮಲ್ಲಿ ಪಾದ ರಸ್ತೆಗೆ ತಾಗದ ಹಾಗೆ ನೋಡ್ಕೊ" ಅಂದರು. ಜವರ ಬಸ್ಸಿಳಿದವನೇ ನಾಯಿಯನ್ನ ಕುರಿಮರಿ ಹಾಗೆ ಹೆಗಲಿಗೆ ಹಾಕ್ಕೊಂಡು, ಎರಡು ಮೈಲಿ ಹೊತ್ತು ತಂದ. ಪಾಪ, ಮಲ್ಲಿ ನಾಚಿಕೆಯಿಂದ ಮುಖ ಆ ಕಡೆ ತಿರುಗಿಸಿಕೊಂಡಿತ್ತು.

"ಅಯ್ಯೋ ಪೆದ್ದೇ, ಕರ್ಕೊಂಡು ಬಾ ಅಂದ್ರೆ ಹೊತ್ಕೊಂಡು ಬರೋದಾ? ಸೊಂಟದ ಪಟ್ಟಿ ಹಿಡ್ಕೊಂಡು, ಮಣ್ಣು ಹಾದಿಲಿ, ಮೆತ್ತಗೆ ನಡೆಸ್ಕೊಂಡು ಬರಬೇಕು ಕಣೋ."

"ಆಗ್ಲಿ ಕಣವ್ವ" ಅಂದ ಜವರ. ಮಾತನ್ನ ಗಂಟು ಕಟ್ಟಿಕೊಂಡ.

ಎರಡು ದಿನ ಬಿಟ್ಟು ಚಿಕ್ಕತಾಯಮ್ಮನ ಅಣ್ಣ ಲಕ್ಕಣ್ಣ ತಂಗಿಯನ್ನ ನೋಡೋಕೆ ಬಂದ. "ಮಾವ ಬಸ್ಸಿಳೀತಾನೆ, ಕರ್ಕೊಂಡು ಬಾ" ಅಂದಳು. ಲಕ್ಕಣ್ಣ ಪಂಚೆ ಮೇಲೆ ಅಗಲವಾದ ಹಸಿರು ಬೆಲ್ಟು ಕಟ್ಟೋನು. ಜವರ ಹಿಂದಿನಿಂದ ಹೋಗಿ ಬೆಲ್ಟು ಗಟ್ಟಿಯಾಗಿ ಹಿಡಿದ. ಗದ್ದೆ ಬದುವಿನ ಮೇಲೆ, ಮೆತ್ತಗೆ, ಮಾವನನ್ನ ನಡೆಸಿಕೊಂಡು ಬಂದ. ಲಕ್ಕಣ್ಣ ಮನೆ ಸೇರೋ ಹೊತ್ತಿಗೆ ಮೊಣಕಾಲುದ್ದ ಕೆಸರು.

"ನಿನ್ನ ಮಗ ನನ್ನನ್ನ ಪೊಲೀಸರ ಥರ ಹಿಡ್ಕೊಂಡು ಬಂದವ್ನೆ ಕಣವ್ವ" ಅಂದ ಲಕ್ಕಣ್ಣ.

"ಅಯ್ಯೋ ಪೆದ್ದೇ, ಮನೆಗೆ ಬಂದೋರಿಗೆ ಹಿಂಗಾ ಮಾಡೋದು? ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಸಾಕು ಸಾಕು ಅನ್ನೋವರೆಗೂ ಊಟಕ್ಕಿಕ್ಕಬೇಕು."

"ಆಗ್ಲಿ ಕಣವ್ವ" ಅಂದ ಜವರ.

ಮಾರನೆಯ ದಿನ ಅಣ್ಣ ತಂಗಿ ಜಗಲಿ ಮೇಲೆ ಕೂತು ಮಾತಾಡ್ತಿದ್ದಾಗ ಜವರ ಒಳಗೆ ಯೋಚನೆ ಮಾಡಿದ. ಮನೆಗೆ ಬಂದವರಲ್ಲಿ ಮಲ್ಲಿಯೂ ಒಬ್ಬಳು. ಅವಳ ನಾಲ್ಕು ಕಾಲಿಗೂ ನೀರು ಹಾಕಿದ. ಚಾಪೆ ಹಾಸಿದ. ಮಾವನಿಗೆ ಅಂತ ಮಾಡಿದ್ದ ಒಬ್ಬಟ್ಟು ಒಂದೊಂದಾಗಿ ಇಕ್ಕಿದ. ಮಲ್ಲಿ ಸಾಕು ಅನ್ನಲಿಲ್ಲ. ನಾಯಿಗೆ ಸಾಕು ಅನ್ನೋದು ಶಾಹಿದಾ ಮೇಡಂ ಕಲಿಸಿರಲಿಲ್ಲ. ಹದಿನಾಲ್ಕು ಒಬ್ಬಟ್ಟು ಆಯಿತು. ಎರಡು ದಿನ ಮಲ್ಲಿ ಹೊಟ್ಟೆಕೆಟ್ಟು ಮಲಗಿತು, ಎರಡು ದಿನ ಚಿಕ್ಕತಾಯಮ್ಮ ಗೋಡೆ ಹಿಡಿದು ನಡೆದಳು. ಶಾಲೆ ಶುರುವಾಗೋಕೆ ಇನ್ನು ಮೂರೇ ದಿನ. ಮಲ್ಲಿಯ ತಲೆ ಸವರುತ್ತಾ, ಇದು ಏಳದೇ ಹೋದರೆ ನಾನೂ ಎದ್ದ ಹಾಗೇ ಅಂದುಕೊಂಡಳು. ಮೂರನೆಯ ದಿನ ಮಲ್ಲಿ ಎದ್ದು ಮೈ ಕೊಡವಿತು.

"ಕೇಳೋ ಜವರ" ಅಂದಳು. "ಕೆಲಸದಲ್ಲಿರೋರನ್ನ ಮುಟ್ಟಬಾರದು, ಮಾತಾಡಿಸಬಾರದು, ಏನೂ ಕೊಡಬಾರದು. ಸುಮ್ಮನೆ ದೂರ ನಿಂತಿರು. ತಿಳೀತಾ?"

"ಆಗ್ಲಿ ಕಣವ್ವ" ಅಂದ ಜವರ.

ಶಾಲೆ ಶುರುವಾಯಿತು. ಹೆಡ್ ಮೇಡಂ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ಅಡುಗೆಮನೆಯೊಳಗೆ ನಾಯಿ ಬೇಡ ಅಂತ ಮಲ್ಲಿಯನ್ನ ಹೊಸಿಲಾಚೆ ಕೂರಿಸಿದ್ದರು. ಜವರ ಸೌದೆ ಹಾಕಿ ಮೂಲೆಯಲ್ಲಿ ನಿಂತ. ಚಿಕ್ಕತಾಯಮ್ಮ ಕುಂಬಳಕಾಯಿ ಹೆಚ್ಚಿ ಮಣೆಯಿಂದ ಎದ್ದಳು. ಎದ್ದವಳಿಗೆ ನೆಲ ವಾಲಿತು. ಕೈ ಚಾಚಿ, "ಜವರಾ" ಅಂದಳು. ಜವರ ನೋಡಿದ. ಅವ್ವ ಕೆಲಸದಲ್ಲಿದ್ದಾಳೆ. ತುಟಿ ಬಿಗಿದು, ಕೈ ಕಟ್ಟಿ, ಇನ್ನೂ ಒಂದು ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಮಲ್ಲಿ ಹೊಸಿಲು ದಾಟಿ ಬಂದು ಅವಳ ತೊಡೆಗೆ ಒತ್ತಿ ನಿಂತಿತು. ಚಾಚಿದ ಕೈಗೆ ಹಿಡಿ ಸಿಕ್ಕಿತು. ಚಿಕ್ಕತಾಯಮ್ಮ ಉಸಿರು ಬಿಟ್ಟಳು, ನೆಲ ತನ್ನ ಜಾಗಕ್ಕೆ ಬಂತು. ಸಾರಿನ ಪಾತ್ರೆ ಎರಡು ಮಾರು ದೂರದಲ್ಲೇ ಕುದೀತಿತ್ತು. ಹೆಡ್ ಮೇಡಂ ಕುರ್ಚಿಯಿಂದ ಎದ್ದರು. "ಇನ್ನು ಮೇಲೆ ನಾನು ಬಂದು ಕೂರೋದು ಬೇಡ. ನಿಮ್ಮ ಕೆಲಸ ನಿಮ್ಮದೇ ಚಿಕ್ಕತಾಯಮ್ಮ" ಅಂದು ಹೋದರು.

ಮನೆಗೆ ಬಂದ ಮೇಲೆ ಮಗನಿಗೆ ಪೂಜೆಯಾಯಿತು. "ಅಯ್ಯೋ ಪೆದ್ದೇ, ನಾಯಿಗಿರೋ ಬುದ್ಧಿ ನಿನಗಿಲ್ಲವಲ್ಲೋ. ವಾಲ್ತಿರೋದು ಕಂಡ್ರೆ ಮಲ್ಲಿ ಹಾಗೆ ಓಡಿಹೋಗಿ ಹೆಗಲು ಕೊಡಬೇಕು. ನೆಟ್ಟಗಾಗೋವರೆಗೂ ಕದಲಬಾರದು."

"ಆಗ್ಲಿ ಕಣವ್ವ" ಅಂದ ಜವರ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಹೊರಟ ಜವರ ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ದನ ಹೊಡ್ಕೊಂಡು ಬಂದವರೊಬ್ಬರು, "ನಿಮ್ಮ ಮಗ ಕೆರೆ ಏರಿ ಮೇಲೆ ನಿಂತವ್ನೆ, ಕರೆದ್ರೂ ಬರಲಿಲ್ಲ" ಅಂದರು. ಚಿಕ್ಕತಾಯಮ್ಮ ಮುದ್ದೆ ಸಾರು ಬುತ್ತಿ ಕಟ್ಟಿಕೊಂಡು, ಮಲ್ಲಿಯ ಹಿಡಿ ಹಿಡಿದು ಹೊರಟಳು. ಹಾದಿಯುದ್ದಕ್ಕೂ ಮಗನಿಗೆ ಯಾವ ಯಾವ ಮಾತಲ್ಲಿ ಬೈಯೋದು ಅಂತ ಜೋಡಿಸ್ಕೊಳ್ತಾ ನಡೆದಳು. ಏರಿ ಹತ್ತುವಾಗ ಎರಡು ಸಲ ಓಲಿದಳು, ಎರಡು ಸಲವೂ ಮಲ್ಲಿ ನಿಂತಿತು, ಮತ್ತೆ ನಡೆದಳು.

ಏರಿ ಮೇಲೆ ಒಂದು ತೆಂಗಿನ ಮರ, ನೀರಿನ ಕಡೆ ಬಗ್ಗಿದ್ದು. ಅದರ ಕೆಳಗೆ ಜವರ, ಹೆಗಲು ಕೊಟ್ಟು, ಬೆವರು ಸುರಿಸ್ತಾ ನಿಂತಿದ್ದ.

"ಏನೋ ಇದು?"

"ವಾಲಿತ್ತು ಕಣವ್ವ. ಬೆಳಿಗ್ಗೆಯಿಂದ ಹಿಡ್ಕೊಂಡಿದೀನಿ. ಇನ್ನೂ ನೆಟ್ಟಗಾಗಿಲ್ಲ."

"ನಾನು ಮದುವೆಯಾಗಿ ಬಂದಾಗಲೂ ಅದು ಹಿಂಗೇ ಇತ್ತಲ್ಲೋ."

"ಅಷ್ಟು ದಿನದಿಂದ ಯಾರೂ ಹಿಡೀಲಿಲ್ವಾ?" ಅಂದ ಜವರ. ಮರದ ಮೇಲೆ ಅವನಿಗೆ ನಿಜವಾಗಿ ಕನಿಕರ.

ಬೈಯೋಕೆ ಬಾಯಿ ತೆಗೆದವಳು ಹಿಂದಕ್ಕೆ ತಿರುಗಿ ನೋಡಿದಳು. ಅಷ್ಟು ದೂರದಲ್ಲಿ ಮನೆಯ ಹೆಂಚು ಕಾಣ್ತಿತ್ತು. ಇಷ್ಟು ದೂರ ಬಂದುಬಿಟ್ಟೆನಾ ಅಂದುಕೊಂಡಳು. ಜೋಡಿಸಿಕೊಂಡಿದ್ದ ಬೈಗುಳ ಒಂದೂ ನೆನಪಾಗಲಿಲ್ಲ. "ಮೆತ್ತಗೆ ಬಿಟ್ಟು ನೋಡು ಮಗ" ಅಂದಳು.

ಜವರ ಉಸಿರು ಹಿಡಿದು ಹೆಗಲು ತೆಗೆದ. ಮರ ನಿಂತೇ ಇತ್ತು. ಸುತ್ತ ಒಂದು ಸಲ ಬಂದು ನೋಡಿ, "ಕಲಿತ್ಕೊಂಡ್ತು ಕಣವ್ವ" ಅಂದ.

ಆ ಏರಿ ಮೇಲೆ ಅಂಥ ಮರ ಇನ್ನೂ ಹನ್ನೊಂದು ಇದ್ದವು. ದಿನಕ್ಕೊಂದರ ಹಾಗೆ ಜವರ ಹೆಗಲು ಕೊಟ್ಟು ಎಲ್ಲಕ್ಕೂ ಕಲಿಸಿದ. ದಿನಾ ಶಾಲೆ ಮುಗಿಸಿ ಚಿಕ್ಕತಾಯಮ್ಮ ಮಲ್ಲಿ ಜೊತೆ ಬುತ್ತಿ ತಂದಳು. ನಂಬಿಕೆ ಇಲ್ಲದೋರು ಹೋಗಿ ನೋಡ್ಕೊಂಡು ಬನ್ನಿ. ಹನ್ನೆರಡೂ ವಾಲಿಕೊಂಡೇ ಇವೆ, ಒಂದೂ ಬಿದ್ದಿಲ್ಲ.