ಏರಿಯ ಮೇಲಿನ ಬಿಲ ಮತ್ತು ಆನೆಗಳ ಖಂಡನೆ

ಮಕ್ಕಳೇ, ಒಂದು ಕಾಡಿನಲ್ಲಿ ದೊಡ್ಡ ಕೆರೆಯಿತ್ತು. ಆಚೆ ದಡದಲ್ಲಿ ಆನೆಗಳ ಹಿಂಡು. ಈಚೆ ದಡದ ಬಂಡೆಯ ಕೆಳಗೆ ಒಂದು ಕರಡಿ. ಬಂಡೆಯ ತುಂಬ ಹೆಜ್ಜೇನು. ಆನೆಗಳು ಹೆಜ್ಜೇನಿಗಲ್ಲದೆ ಬೇರಾವುದಕ್ಕೂ ಹೆದರುತ್ತಿರಲಿಲ್ಲ. ಕರಡಿಗೆ ಇದು ಗೊತ್ತಿತ್ತು.

ಬಂಡೆಯ ಪಕ್ಕದಿಂದ ಕೆರೆಯ ಏರಿ ಶುರುವಾಗುತ್ತಿತ್ತು. ಅದರಲ್ಲಿ ಮೊದಲು ಮೊಲದ ಬಿಲ, ಆಮೇಲೆ ಉಡದ್ದು, ಕೊನೆಗೆ ಏರಿಯ ನಡುಮಧ್ಯದಲ್ಲಿ ಮುಳ್ಳುಹಂದಿಯದು. ಮುಳ್ಳುಹಂದಿಯನ್ನು ಎಲ್ಲರೂ ಮುಳ್ಳಕ್ಕ ಎನ್ನುತ್ತಿದ್ದರು. ಏರಿಯ ಮಣ್ಣಿನಲ್ಲಿ ಗೆದ್ದಲು ಹೇರಳ. ಕರಡಿಗೆ ಗೆದ್ದಲೆಂದರೆ ಪ್ರಾಣ.

ಆನೆಗಳು ಕೆಲವು ಮಳೆಗಾಲಕ್ಕೊಮ್ಮೆ ಯಜಮಾನನನ್ನು ಬದಲಿಸುತ್ತಿದ್ದವು. ಕರಡಿ ಬದಲಾಗುತ್ತಿರಲಿಲ್ಲ. ಪ್ರತಿ ಹೊಸ ಯಜಮಾನನೂ ಬಂದ ದಿನ ಒಂದೇ ಮಾತು ಹೇಳುತ್ತಿದ್ದ: "ಹಿಂದಿನವನಿಗೆ ಕರಡಿಯ ಜೊತೆ ಮಾತಾಡುವ ರೀತಿ ಗೊತ್ತಿರಲಿಲ್ಲ."

ಉದ್ದ ದಂತದ ಯಜಮಾನ ಕರಡಿಯನ್ನು ನೋಡಿಬಂದು ಹೇಳಿದ: "ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಒಳ್ಳೆಯವನು. ನಿಮ್ಮಂಥ ಆನೆಯನ್ನು ನಾನು ಕಂಡೇ ಇಲ್ಲ ಅಂದ."

ಆನೆಯ ದೃಷ್ಟಿ ಅಷ್ಟಕ್ಕಷ್ಟೆ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಮುಂದಿನ ವಾರ ಕರಡಿ ಮೊಲದ ಬಿಲವನ್ನು ಅಗೆದು ಹಾಕಿತು. ಯಜಮಾನ ದಡದಲ್ಲಿ ನಿಂತು ಘೀಳಿಟ್ಟ: "ಇದನ್ನು ತೀವ್ರವಾಗಿ ಖಂಡಿಸುತ್ತೇನೆ."

ಮೊಲ ಖುಷಿಯಾಗಿ ಬಂಡೆಯ ಎದುರು ಹೋಗಿ ಕೂತಿತು.

"ಇಲ್ಲೇನು ಮಾಡ್ತಿದ್ದೀಯೋ?" ಎಂದಳು ಮುಳ್ಳಕ್ಕ.

"ಕರಡಿಯನ್ನು ಖಂಡಿಸ್ತಾರಂತಲ್ಲಕ್ಕ. ಎಷ್ಟು ತುಂಡು ಮಾಡ್ತಾರೆ ನೋಡೋಣ ಅಂತ."

"ಕತ್ತರಿಸೋದಲ್ಲ ಮಾರಾಯ. ಬೈಯೋದು."

"ಬರೀ ಬೈಯೋದಾ?"

"ತೀವ್ರವಾಗಿ."

ಮೊಲ ಮುಳ್ಳಕ್ಕನ ಬಿಲಕ್ಕೆ ಬಂದು ಸೇರಿಕೊಂಡಿತು.

ಅಗಲ ಕಿವಿಯ ಯಜಮಾನ ಬಂದ. ಹಳೆಯದನ್ನೆಲ್ಲ ಮರೆಯೋಣ ಎಂದು ಕರಡಿಯ ಕೈ ಕುಲುಕಿದ. ನಿಮ್ಮಂಥ ಆನೆಯನ್ನು ಕಂಡೇ ಇಲ್ಲ ಎಂದು ಕರಡಿ ಅವನಿಗೂ ಹೇಳಿತು. ಆಮೇಲೆ ಉಡದ ಬಿಲ ಹೋಯಿತು. ಕೋಪಗೊಂಡ ಯಜಮಾನ, ಇನ್ನು ಕರಡಿಗೆ ಒಂದು ಎಳೆ ಬಿದಿರೂ ಕೊಡಬಾರದು ಎಂದು ಕಟ್ಟಪ್ಪಣೆ ಮಾಡಿದ.

"ಕರಡಿ ಬಿದಿರು ತಿನ್ನುತ್ತದೆಯೇ?" ಎಂದು ಉಡ ಕೇಳಿತು.

"ಇದು ತತ್ವದ ಪ್ರಶ್ನೆ," ಎಂದ ಯಜಮಾನ.

ಉಡವೂ ಮುಳ್ಳಕ್ಕನ ಬಿಲಕ್ಕೇ ಬಂತು. ಉಳಿದದ್ದು ಅದೊಂದೇ.

ಒಂದು ಬೆಳಿಗ್ಗೆ ಕರಡಿ ಅಲ್ಲಿಗೂ ಬಂದು ಹೇಳಿತು: "ಈ ಏರಿ ನಮ್ಮ ತಾತನ ಕಾಲದಿಂದ ನಮ್ಮದು."

"ನಿಮ್ಮ ತಾತ ಇಲ್ಲಿ ಒಮ್ಮೆ ಜಾರಿ ಬಿದ್ದಿದ್ದರು. ಅಷ್ಟೇ," ಎಂದು ಮುಳ್ಳಕ್ಕ ಹಿಂದಕ್ಕೆ ತಿರುಗಿ ಮುಳ್ಳು ಬಿಚ್ಚಿದಳು. ಕರಡಿಯ ಮೂಗು ಊದಿತು. ಮೊದಲ ಬಾರಿ ಅದು ಹಿಂದೆ ಸರಿಯಿತು.

ಮುಳ್ಳಕ್ಕ ಆನೆಗಳ ಬಳಿಗೆ ಓಡಿದಳು. ಆಗ ಮುದಿ ಯಜಮಾನನಿದ್ದ. "ನೀವು ಕಾದಾಡೋದು ಬೇಡ ಯಜಮಾನರೇ. ನನ್ನ ಮುಳ್ಳೇ ಸಾಕು. ಸ್ವಲ್ಪ ಬೆನ್ನಿಗೆ ನಿಲ್ಲಿ."

ಮುದಿ ಯಜಮಾನ ಮರುಗಿದ. ಮುಳ್ಳು ಮಸೆಯಲು ಒಳ್ಳೆಯ ಕಲ್ಲನ್ನೇ ಕೊಟ್ಟ. "ಚುಚ್ಚು ತಾಯಿ, ಧೈರ್ಯವಾಗಿ ಚುಚ್ಚು. ಆದರೆ ಅವನಿಗೆ ನೋವಾಗಬಾರದು. ಕಿರುಚಿದರೆ ಹೆಜ್ಜೇನು ಏಳುತ್ತದೆ."

ನೋವಾಗದಂತೆ ಚುಚ್ಚುವುದನ್ನು ಮುಳ್ಳಕ್ಕ ಕಲಿಯುವಷ್ಟರಲ್ಲಿ ಯಜಮಾನ ಬದಲಾದ. ಹೊಸಬ ಸದಾ ಮೈಗೆ ಕೆಮ್ಮಣ್ಣು ಎರಚಿಕೊಳ್ಳುವವನು.

"ಒಂದೇ ದಿನದಲ್ಲಿ ಮುಗಿಸುತ್ತೇನೆ," ಎಂದ. "ಜಗಳ ಶುರುಮಾಡಿದ್ದು ನೀನೇ ಇರಬೇಕು. ಹೋಗಲಿ, ಅರ್ಧ ಬಿಲ ಅವನಿಗೆ, ಅರ್ಧ ನಿನಗೆ. ಶಾಂತಿ."

"ಅವನಿಗೆ ಯಾವ ಅರ್ಧ?"

"ಬಾಗಿಲಿರುವ ಅರ್ಧ."

"ಯಜಮಾನರೇ, ನನ್ನ ಬಿಲ ಏರಿಯ ನಡುಮಧ್ಯದಲ್ಲಿದೆ. ಅಲ್ಲಿ ಅಗೆದರೆ ಕೆರೆ ಉಳಿಯೋದಿಲ್ಲ."

"ಕರಡಿ ನನಗೆ ಮಾತು ಕೊಟ್ಟಿದ್ದಾನೆ. ಅವನು ಏನಂದ ಗೊತ್ತಾ?"

"ನಿಮ್ಮಂಥ ಆನೆಯನ್ನು ನಾನು ಕಂಡೇ ಇಲ್ಲ," ಎಂದಳು ಮುಳ್ಳಕ್ಕ.

"ನಿನಗೆ ಹೇಗೆ ಗೊತ್ತು?" ಎಂದು ಯಜಮಾನ ಬೆರಗಾದ.

ಮರುದಿನ ಕರಡಿ ತನ್ನ ಪಾಲಿನ ಅರ್ಧವನ್ನು ಅಗೆಯಿತು. ಗೆದ್ದಲು ಸಿಕ್ಕಿತು. ಇನ್ನೂ ಆಳಕ್ಕೆ ಅಗೆಯಿತು. ನೀರು ಸಿಕ್ಕಿತು.

ಸಂಜೆಯ ಹೊತ್ತಿಗೆ ಕೆರೆ ಬರಿದು. ಆನೆಗಳಿಗೆ ಕುಡಿಯಲೂ ಇಲ್ಲ, ಮೀಯಲೂ ಇಲ್ಲ. ಕೆಮ್ಮಣ್ಣಿನ ಯಜಮಾನ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸೊಂಡಿಲೆತ್ತಿದ: "ಇದನ್ನು ತೀವ್ರವಾಗಿ..."

"ಕತ್ತರಿಸೋದಲ್ಲ. ಬೈಯೋದು," ಎಂದು ಮೊಲ ಪಕ್ಕದ ಕಪ್ಪೆಗೆ ವಿವರಿಸಿತು.

ಆನೆಗಳು ಸಿಟ್ಟಾಗಿ ಹೊಸ ಯಜಮಾನನನ್ನು ಆರಿಸಿದವು. ಹಿಂದಿನವನಿಗೆ ಮಾತಾಡುವ ರೀತಿ ಗೊತ್ತಿರಲಿಲ್ಲ ಎಂದು ಅವನು ಕರಡಿಯ ಕಡೆ ಹೊರಟ. ಈಗ ಕೆರೆ ಬಳಸಿ ಹೋಗಬೇಕಾಗಿರಲಿಲ್ಲ. ಕೆರೆಯಂಗಳದಲ್ಲೇ ನೇರ ದಾರಿಯಿತ್ತು.

ಅದೇ ದಾರಿಯಲ್ಲಿ ಮುಳ್ಳಕ್ಕ ಆಚೆ ದಡಕ್ಕೆ ಹೋಗಿ, ಆನೆಗಳು ಮಲಗುವ ಜಾಗದ ಪಕ್ಕದಲ್ಲೇ ಹೊಸ ಬಿಲ ತೋಡತೊಡಗಿದಳು.

"ಇಲ್ಲೇಕೆ?" ಎಂದು ಆನೆಗಳು ಕೇಳಿದವು.

ಮುಳ್ಳಕ್ಕ ತಲೆಯೆತ್ತದೆ ಹೇಳಿದಳು: "ಮುಂದಿನ ಸಲ ಖಂಡಿಸೋಕೆ ನಿಮಗೆ ದೂರ ಆಗಬಾರದು ಅಂತ."

ನೀತಿ: ಕರಡಿಯ ಹಸಿವು ಹಿಂದಿನ ಯಜಮಾನನ ತಪ್ಪು ಎಂದುಕೊಂಡವನು, ಮುಂದಿನ ಯಜಮಾನನಿಗೆ ಅದೇ ಕರಡಿಯನ್ನು ಇನ್ನಷ್ಟು ದಪ್ಪ ಮಾಡಿ ಬಿಟ್ಟುಹೋಗುತ್ತಾನೆ.